ಅವ್ವನ ನಂತರವೂ ತಮ್ಮ ಇದೇ ಓಣಿಯಲ್ಲಿ ಬಾಳಬೇಕಾದರೆ ಏನೇನು ಏರ್ಪಾಡು ಮಾಡಿಕೊಳ್ಳಬೇಕು?

ಹಳೇಹುಬ್ಬಳ್ಳಿಯ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಈಗ ಮೂವತ್ತೊಂದು ವರ್ಷ. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದ್ದು, ಪ್ರಮಾಣಪತ್ರದಲ್ಲಿ ಶೇಕಡಾ 75ರಷ್ಟು ಬೌದ್ಧಿಕ ಅಂಗವೈಕಲ್ಯ ಎಂದು ನಮೂದಾಗಿದೆ. ಹದಿನೆಂಟು ತುಂಬುವವರೆಗೆ ವಿಶೇಷ ಶಾಲೆಗೆ ಹೋಗುತ್ತಿದ್ದ. ಅಲ್ಲಿಂದ ಹೊರಬಂದ ಮೇಲೆ ಅವನ ಲೋಕವೆಲ್ಲ ನಮ್ಮ ಓಣಿಯೇ. ಅಪ್ಪ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾಗಿ, ಆಮೇಲೆ ತೀರಿಕೊಂಡರು. ಅವ್ವನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಮೊಣಕಾಲು ನೋವೂ ಇವೆ. ನಾನು ಧಾರವಾಡದಲ್ಲಿದ್ದೇನೆ, ಅಣ್ಣ ಪುಣೆಯಲ್ಲಿದ್ದಾನೆ.

ಅವ್ವನ ಕೈಕಾಲು ಗಟ್ಟಿ ಇರುವಾಗಲೇ ತಮ್ಮನನ್ನು ಬೇರೆ ಊರಿನ ವಸತಿ ಕೇಂದ್ರವೊಂದಕ್ಕೆ ಸೇರಿಸೋಣ ಎನ್ನುತ್ತಾನೆ ಅಣ್ಣ. ಅವ್ವ ಒಪ್ಪುತ್ತಿಲ್ಲ, ನನಗೂ ಮನಸ್ಸಿಲ್ಲ. ತಮ್ಮನಿಗೆ ದುಡ್ಡಿನ ಲೆಕ್ಕ ಬಾರದು, ಆದರೂ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋಗಿ ಹಿಟ್ಟು ಬೀಸಿಸಿಕೊಂಡು ಬರುತ್ತಾನೆ. ಅವ್ವ ಅವನಿಗೆ ಎರಡು ಖಾನೆಯ ಬಟ್ಟೆ ಚೀಲ ಹೊಲಿದುಕೊಟ್ಟಿದ್ದಾಳೆ: ಕೆಂಪು ಖಾನೆಯಲ್ಲಿ ಗಿರಣಿಯ ದುಡ್ಡು, ನೀಲಿ ಖಾನೆಯಲ್ಲಿ ಹಾಲಿನ ದುಡ್ಡು. ಗಿರಣಿಯವರು ಕೆಂಪು ಖಾನೆ ಬಿಚ್ಚಿ, ತಮಗೆ ಬರಬೇಕಾದಷ್ಟನ್ನು ಅವನ ಎದುರಿಗೇ ಗಟ್ಟಿಯಾಗಿ ಎಣಿಸಿ ತೆಗೆದುಕೊಂಡು, ಉಳಿದದ್ದನ್ನು ಅದೇ ಖಾನೆಯಲ್ಲಿಟ್ಟು ಗುಂಡಿ ಹಾಕುತ್ತಾರೆ. ಸೋಮವಾರ ಗುಡಿಯ ಭಜನೆಯಲ್ಲಿ ಅವನೇ ತಾಳ ಹಾಕಬೇಕು. ಅವನು ಬರುವವರೆಗೆ ಭಜನೆ ಶುರುವಾಗುವುದಿಲ್ಲ. ಬೇರೆ ಊರಿನಲ್ಲಿ ಅವನಿಗೆ ಊಟಕ್ಕೆ ಕೊರತೆಯಾಗಲಿಕ್ಕಿಲ್ಲ, ಆದರೆ ಇದೆಲ್ಲ ಅಲ್ಲಿ ಎಲ್ಲಿಂದ ಸಿಗಬೇಕು?

ಅವನು ಇಲ್ಲಿಯೇ ಇರಬೇಕಾದರೆ ಕಾನೂನಿನಲ್ಲಿ, ಹಣಕಾಸಿನಲ್ಲಿ, ನೆರೆಹೊರೆಯಲ್ಲಿ ನಾವು ಈಗಲೇ ಮಾಡಿಟ್ಟುಕೊಳ್ಳಬೇಕಾದದ್ದು ಏನು ಎಂಬುದನ್ನು ಅನುಭವ ಇದ್ದವರು ದಯವಿಟ್ಟು ತಿಳಿಸಬೇಕು.

ನವನಗರದ ಓದುಗ

ಅಕ್ಕಾವರೇ, ಒಳ್ಳೆಯ ಕೇಂದ್ರದಲ್ಲಿ ಜಾಗ ಸಿಗುವುದಾದರೆ ಸೇರಿಸಿಬಿಡಿ. ಓಣಿಯವರು ಇವತ್ತು ಇರುತ್ತಾರೆ, ನಾಳೆ ಮನೆ ಮಾರಿ ಹೋಗುತ್ತಾರೆ.

ವಿಶೇಷ ಶಿಕ್ಷಕಿ, ಗದಗ

ಮೇಲಿನವರ ಮಾತನ್ನು ನಾನು ಒಪ್ಪುವುದಿಲ್ಲ. ಗಿರಣಿಗೆ ಹೋಗಿಬರುವುದು ನೋಡುವವರಿಗೆ ಸಣ್ಣ ಕೆಲಸ ಅನ್ನಿಸಬಹುದು. ದಾರಿಯ ನೆನಪು, ರಸ್ತೆ ದಾಟುವ ಎಚ್ಚರ, ತನ್ನ ಸರದಿ ಬರುವವರೆಗೆ ಕಾಯುವ ತಾಳ್ಮೆ, ಪರಿಚಿತರನ್ನೂ ಅಪರಿಚಿತರನ್ನೂ ಬೇರೆ ಮಾಡಿ ನೋಡುವ ತಿಳಿವಳಿಕೆ ಎಲ್ಲವೂ ಅದರಲ್ಲಿ ಸೇರಿವೆ, ಮತ್ತು ಇವನ್ನು ತರಗತಿಯಲ್ಲಿ ಕಲಿಸಲು ನಮಗೆ ವರ್ಷಗಳು ಹಿಡಿಯುತ್ತವೆ. ಬೌದ್ಧಿಕ ಅಂಗವೈಕಲ್ಯ ಇರುವವರು ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗದಲ್ಲಿ ತಾವಾಗಿಯೇ ಬಳಸುವುದು ಕಷ್ಟ. ಇಲ್ಲಿಯ ಗಿರಣಿಗೆ ಹೋಗಬಲ್ಲವರು ಬೇರೆ ಊರಿನ ಗಿರಣಿಗೂ ಹೋಗುತ್ತಾರೆ ಎಂದು ಹೇಳಲಾಗದು. ಜಾಗ ಬದಲಿಸಿದಾಗ ಕಲಿತದ್ದು ಕಳಚಿಹೋಗುವ ಭಯ ನಿಜವಾದದ್ದು.

ಕಾನೂನು ಕೂಡ ನಿಮ್ಮ ಕಡೆಗೇ ಇದೆ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಇದರ 5ನೆಯ ಕಲಮು, ವಿಕಲಚೇತನರಿಗೆ ಸಮುದಾಯದ ನಡುವೆ ಬಾಳುವ ಹಕ್ಕಿದೆ, ಇಂಥದ್ದೇ ವಸತಿ ವ್ಯವಸ್ಥೆಯಲ್ಲಿ ಇರಬೇಕೆಂದು ಯಾರನ್ನೂ ಕಟ್ಟಿಹಾಕುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಭಾರತವು 2007ರಲ್ಲಿ ಅನುಮೋದಿಸಿದ, ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೆಯ ವಿಧಿಯ ಸಾರವೂ ಇದೇ ಆಗಿದೆ.

ನವನಗರದ ಓದುಗ

ಬಾಯಿ ಅವರೇ, ಹಕ್ಕು ಕಾಗದದ ಮೇಲೆ ಇದೆ ಎಂಬುದರಲ್ಲಿ ತಕರಾರಿಲ್ಲ. ತಾಯಿ ಆಸ್ಪತ್ರೆಗೆ ಸೇರಿದ ರಾತ್ರಿ ಆ ಹುಡುಗನಿಗೆ ಊಟ ಬಡಿಸುವವರು ಯಾರು, ಜೊತೆಗೆ ಮಲಗುವವರು ಯಾರು? ಈ ಪ್ರಶ್ನೆಗೆ 5ನೆಯ ಕಲಮು ಉತ್ತರ ಕೊಡುವುದಿಲ್ಲ.

ಬೆಟಗೇರಿಯವ

ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿರಿ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಒಂದೇ ಸೂರಿನಡಿ ಸಾಕಿ, ಸಂಗೀತ ಕಲಿಸಿ, ನಾಡೇ ತಲೆದೂಗುವಂತೆ ಮಾಡಿದರು. ಬುದ್ಧಿಮಾಂದ್ಯ ಮಕ್ಕಳಿಗೂ ಅಂಥ ಒಂದು ಆಶ್ರಮ ಈ ಭಾಗದಲ್ಲಿ ಆಗಬೇಕು. ಓಣಿಯವರ ದಯೆಯ ಮೇಲೆ ಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ವಿಶೇಷ ಶಿಕ್ಷಕಿ, ಗದಗ

ಪುಣ್ಯಾಶ್ರಮದ ಬಗ್ಗೆ ನನಗೂ ಅಷ್ಟೇ ಗೌರವವಿದೆ. ಆದರೆ ಅಲ್ಲಿಗೆ ಹೋದವರು ವಿದ್ಯೆ ಕಲಿತು, ಕೀರ್ತನೆಗೆ, ಪುರಾಣಕ್ಕೆ, ನಾಟಕಕ್ಕೆ ಎಂದು ಊರೂರಿಗೆ ಹೊರಟರು. ಆಶ್ರಮ ಅವರನ್ನು ಜನರ ನಡುವೆ ಕಳಿಸಿಕೊಟ್ಟಿತು. ಈಗ ನಾವು ಮಾತಾಡುತ್ತಿರುವುದು ಜನರ ನಡುವೆ ಈಗಾಗಲೇ ಇರುವ ಒಬ್ಬ ಮನುಷ್ಯನನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಇಡುವುದರ ಬಗ್ಗೆ. ಎರಡರ ದಾರಿಯೂ ಎದುರು ಬದುರು ಆಗಿದೆ.

ನಿವೃತ್ತ ರೈಲ್ವೆ ನೌಕರ, ಕೇಶ್ವಾಪುರ

ತಂಗೀ, ನಿಮ್ಮ ತಂದೆ ನಮ್ಮವರೇ ಆದ್ದರಿಂದ ಒಂದು ಮುಖ್ಯ ವಿಷಯ ಹೇಳುತ್ತೇನೆ. ಈಗ ಕುಟುಂಬ ಪಿಂಚಣಿ ನಿಮ್ಮ ತಾಯಿಯವರಿಗೆ ಬರುತ್ತಿರಬೇಕು. ಸ್ವಂತ ದುಡಿಮೆಯಿಂದ ಬದುಕಲಾರದ, ಬೌದ್ಧಿಕ ಅಂಗವೈಕಲ್ಯ ಇರುವ ಮಗನಿಗೆ ತಾಯಿಯ ನಂತರ ಅದು ಜೀವಮಾನವಿಡೀ ದಕ್ಕುತ್ತದೆ. ಉಳಿದ ಗಂಡುಮಕ್ಕಳಿಗೆ ಇರುವ ಇಪ್ಪತ್ತೈದು ವರ್ಷದ ವಯಸ್ಸಿನ ಮಿತಿ ಅವನಿಗೆ ಅನ್ವಯಿಸುವುದಿಲ್ಲ. ತಾಯಿ ಇರುವಾಗಲೇ ಅರ್ಜಿ ಕೊಟ್ಟು, ಪಿಂಚಣಿ ಆದೇಶದಲ್ಲಿ ಅವನ ಹೆಸರು ಸೇರಿಸಿಕೊಳ್ಳಲು ಅವಕಾಶವಿದೆ. ಇದನ್ನು ಮುಂದಕ್ಕೆ ಹಾಕಬೇಡಿರಿ. ತಾಯಿ ಹೋದ ಮೇಲೆ ಕಾಗದ ಹಿಡಿದು ಅಲೆಯುವುದು ಬಹಳ ಕಷ್ಟ. ನನ್ನ ಗೆಳೆಯನ ಮನೆಯಲ್ಲಿ ಪಿಂಚಣಿ ಮತ್ತೆ ಶುರುವಾಗುವವರೆಗೆ ಇಂಥದೇ ಮಗನನ್ನು ಅವನ ಅಕ್ಕಂದಿರು ಸಾಲ ಮಾಡಿ ನೋಡಿಕೊಂಡರು.

ಇನ್ನೊಂದು ಮಾತು. ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾಗದ ಬೌದ್ಧಿಕ ಅಂಗವಿಕಲರಿಗೂ ಅವರ ಜೊತೆಗಾರರಿಗೂ ರೈಲಿನ ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಎ.ಸಿ.ಯಲ್ಲಿ ಶೇಕಡಾ 75 ರಿಯಾಯಿತಿ ಇದೆ. ಅಣ್ಣ ಪುಣೆಯಲ್ಲಿ ಇರುವುದರಿಂದ ನಿಮಗೆ ಉಪಯೋಗಕ್ಕೆ ಬಂದೀತು.

ಹಳೇಹುಬ್ಬಳ್ಳಿಯ ಅಕ್ಕ

ಕಾಕಾ, ಇದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಆದರೆ ಪಿಂಚಣಿ ಅವನ ಖಾತೆಗೆ ಬಂದರೂ ಸಹಿ ಮಾಡುವವರು ಯಾರು? ಅವನಿಗೆ ಸಹಿ ಬಾರದು.

ಧಾರವಾಡದ ವಕೀಲ

ಇಲ್ಲಿಂದ ಪಾಲಕತ್ವದ ಪ್ರಶ್ನೆ ಶುರುವಾಗುತ್ತದೆ, ಮತ್ತು ಬಹಳಷ್ಟು ಕುಟುಂಬಗಳು ಎಡವುವುದು ಇಲ್ಲಿಯೇ. ಹದಿನೆಂಟು ತುಂಬಿದ ದಿನದಿಂದ ತಂದೆ ತಾಯಿಗಳು ಕಾನೂನಿನ ಕಣ್ಣಿನಲ್ಲಿ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಹಾಗೂ ಬಹುವಿಧ ಅಂಗವೈಕಲ್ಯ ಇರುವ ವಯಸ್ಕರಿಗೆ ಪಾಲಕರನ್ನು ನೇಮಿಸುವ ಅಧಿಕಾರ ಜಿಲ್ಲಾಧಿಕಾರಿಗಳನ್ನು ಒಳಗೊಂಡ ಸ್ಥಳೀಯ ಮಟ್ಟದ ಸಮಿತಿಗೆ ಇದೆ. ತಾಯಿಯಾಗಲಿ ಹತ್ತಿರದ ಸಂಬಂಧಿಕರಾಗಲಿ ಅರ್ಜಿ ಹಾಕಿ, ತಮಗೆ ನಂಬಿಕೆಯಿರುವವರ ಹೆಸರು ಸೂಚಿಸಬಹುದು. ಈ ಸಮಿತಿ ಕೊಟ್ಟ ಪಾಲಕತ್ವದ ಪ್ರಮಾಣಪತ್ರವನ್ನು ಕುಟುಂಬ ಪಿಂಚಣಿಗೂ ಮಾನ್ಯ ಮಾಡುತ್ತಾರೆ.

ಪಾಲಕರಾದವರಿಗೆ ಹೊಣೆಯೂ ಇದೆ. ನೇಮಕವಾದ ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಸಲ್ಲಿಸಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಪಾಲಕರು ಅಲಕ್ಷ್ಯ ಮಾಡಿದರೆ, ಹಿಂಸಿಸಿದರೆ, ಆಸ್ತಿ ನುಂಗಿದರೆ ಅವರನ್ನು ತೆಗೆದುಹಾಕಲು ದೂರು ಕೊಡಬಹುದು. ಮನೆಯ ಪಾಲಿನ ವಿಚಾರವನ್ನೂ ಬಾಯಿಮಾತಿಗೆ ಬಿಡಬೇಡಿರಿ. ತಾಯಿಯವರು ಉಯಿಲು ಬರೆಯಲಿ. ಆಸ್ತಿ ಸ್ವಲ್ಪ ಹೆಚ್ಚಿದ್ದರೆ 1882ರ ಭಾರತೀಯ ನ್ಯಾಸಗಳ ಕಾಯ್ದೆಯಡಿ ಅವನ ಹಿತಕ್ಕಾಗಿ ಒಂದು ಖಾಸಗಿ ಟ್ರಸ್ಟ್ ಮಾಡಿ, ಅಣ್ಣ ತಂಗಿಯರ ಜೊತೆಗೆ ಹೊರಗಿನ ಒಬ್ಬರನ್ನೂ ವಿಶ್ವಸ್ತರನ್ನಾಗಿ ಇಡಿರಿ.

ವಿಶೇಷ ಶಿಕ್ಷಕಿ, ಗದಗ

ವಕೀಲರೇ, ಒಂದು ತಿದ್ದುಪಡಿ ಮಾಡಬೇಕೆನಿಸುತ್ತದೆ. ಪಾಲಕರ ನೇಮಕವಾಯಿತೆಂದರೆ ಆ ಮನುಷ್ಯನ ಬಾಯಿಗೆ ಬೀಗ ಬಿದ್ದಂತೆ ಎಂದು ಎಷ್ಟೋ ಮನೆಗಳಲ್ಲಿ ತಿಳಿದಿದ್ದಾರೆ. 2016ರ ಕಾಯ್ದೆಯ 14ನೆಯ ಕಲಮು ಸೀಮಿತ ಪಾಲಕತ್ವದ ಬಗ್ಗೆ ಮಾತಾಡುತ್ತದೆ. ಅದರ ಪ್ರಕಾರ ಪಾಲಕರೂ ಆ ವ್ಯಕ್ತಿಯೂ ಪರಸ್ಪರ ನಂಬಿಕೆಯಿಂದ, ಅವನ ಇಚ್ಛೆಯನ್ನು ಕೇಳಿಕೊಂಡು, ಕೂಡಿ ನಿರ್ಧಾರ ಮಾಡಬೇಕು. ಬ್ಯಾಂಕಿನ ಸಹಿ ಅಕ್ಕ ಮಾಡಲಿ, ಆದರೆ ಯಾವ ಅಂಗಿ ತೊಡಬೇಕು, ಎಲ್ಲಿ ಇರಬೇಕು, ಯಾರ ಜೊತೆ ಮಾತಾಡಬೇಕು ಎಂಬುದು ಅವನದೇ ಆಗಿರಬೇಕು. ಅಂದ ಹಾಗೆ, ಇಷ್ಟು ಜನ ಅವನ ಬಗ್ಗೆ ಬರೆಯುತ್ತಿದ್ದೇವೆ. ವಸತಿ ಕೇಂದ್ರದ ಮಾತನ್ನು ಅವನನ್ನೇ ಯಾರಾದರೂ ಕೇಳಿದ್ದಾರೆಯೇ?

ಧಾರವಾಡದ ವಕೀಲ

ಒಪ್ಪಿದೆ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ನಿಂತವರಿಗೆ ಬೇಕಾದದ್ದು ಕೈಯಲ್ಲಿ ಒಂದು ಪ್ರಮಾಣಪತ್ರ. ಹಕ್ಕಿನ ಚರ್ಚೆ ಮುಗಿಯುವವರೆಗೆ ಅದನ್ನು ತಡೆಹಿಡಿಯುವುದು ಸರಿಯಲ್ಲ.

ಅಳ್ನಾವರದ ಹಿರಿಯ

ತಾಯಿಯ ನಂತರ ನೋಡಿಕೊಳ್ಳಲು ಒಬ್ಬರು ಬೇಕೆಂದರೆ ಬಡವರ ಮನೆಯ ಒಂದು ಹುಡುಗಿಯನ್ನು ನೋಡಿ ಮದುವೆ ಮಾಡುವುದು ಹಿಂದಿನಿಂದಲೂ ನಡೆದುಬಂದಿದೆ. ಯೋಚಿಸಿ ನೋಡಿರಿ.

ಬ್ಯಾಡಗಿಯ ತಾಯಿ

ಯಜಮಾನರೇ, ನಿಮ್ಮ ವಯಸ್ಸಿಗೆ ಗೌರವ ಕೊಟ್ಟೇ ಹೇಳುತ್ತೇನೆ, ಈ ಮಾತನ್ನು ದಯವಿಟ್ಟು ಯಾರಿಗೂ ಹೇಳಬೇಡಿರಿ. ಸೇವೆಗೆ ಆಳು ಬೇಕಾದರೆ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು. ಒಂದು ಬಡ ಹೆಣ್ಣಿನ ಜನ್ಮವನ್ನು ಅದಕ್ಕೆ ತೆರುವಂತಿಲ್ಲ. ಅವನಿಗೇ ಮದುವೆಯ ಆಸೆ ಇದ್ದು, ಎರಡೂ ಕಡೆಯವರು ತಿಳಿದು ಒಪ್ಪಿದರೆ ಅದು ಬೇರೆ ಮಾತು.

ನನ್ನ ಮಗಳಿಗೂ ಇದೇ ತೊಂದರೆ ಇದೆ. ಅವಳು ನನ್ನ ಜೊತೆ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಬರುತ್ತಾಳೆ. ಮೊದಮೊದಲು ಕಾಯಿಯನ್ನೇ ಮುರಿದುಬಿಡುತ್ತಿದ್ದಳು. ಪಕ್ಕದಲ್ಲಿ ಕೂರುವ ಹೆಣ್ಣುಮಗಳೊಬ್ಬಳು ಇವಳ ಬೆರಳನ್ನು ತನ್ನ ಬೆರಳಿನಿಂದ ಹಿಡಿದು, ಕಾಯಿಯ ಹೆಗಲ ಹತ್ತಿರ ಒತ್ತಿ ತಿರುವುವುದನ್ನು ದಿನಾಲೂ ತೋರಿಸಿದಳು. ಈಗ ಅವಳ ರಾಶಿಯಲ್ಲಿ ಮುರಿದ ಕಾಯಿ ಕಾಣುವುದಿಲ್ಲ. ಆದರೂ ಶುರುವಿನಲ್ಲಿ ಮಾಲೀಕರು ಅವಳ ತೂಕವನ್ನು ನನ್ನ ಲೆಕ್ಕದಲ್ಲಿ ಸೇರಿಸಿ ಅವಳ ಕೈಗೆ ಬರೀ ಚಹಾದ ದುಡ್ಡು ಕೊಡುತ್ತಿದ್ದರು. ಅವಳ ಹೆಸರಿನಲ್ಲೇ ತೂಕ ಮಾಡಿ, ಅವಳ ಕೈಗೇ ಕೂಲಿ ಕೊಡಿರೆಂದು ಅಲ್ಲಿದ್ದ ಹೆಂಗಸರೆಲ್ಲ ಕೂಡಿ ಕೇಳಿದ ಮೇಲೆ ಒಪ್ಪಿದರು. ಅಕ್ಕಾವರೇ, ನಿಮ್ಮ ತಮ್ಮನಿಗೆ ಒಂದು ಕೆಲಸ ನೋಡಿರಿ. ಹನ್ನೆರಡು ತಾಸು ಕೆಲಸವಿಲ್ಲದೆ ಕೂತರೆ ಎಂಥವರಿಗೂ ಸಿಟ್ಟು ಬರುತ್ತದೆ.

ಹುಬ್ಬಳ್ಳಿಯ ವೈದ್ಯೆ

ಕೆಲಸದ ಮಾತು ನೂರಕ್ಕೆ ನೂರು ಸರಿ. ಆರೋಗ್ಯದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಹೆಚ್ಚು, ಆದ್ದರಿಂದ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಬೇಕು. ಕಿವಿ, ಕಣ್ಣು, ಹಲ್ಲುಗಳನ್ನೂ ನೋಡಿಸುತ್ತಿರಬೇಕು. ನಲವತ್ತು ದಾಟಿದ ಮೇಲೆ ಮರೆವಿನ ಕಾಯಿಲೆ ಉಳಿದವರಿಗಿಂತ ಬೇಗ ಬರುವ ಸಾಧ್ಯತೆ ಇದೆ. ಇದುವರೆಗೆ ತಾನೇ ಮಾಡುತ್ತಿದ್ದ ಕೆಲಸ ಕೈತಪ್ಪತೊಡಗಿದರೆ ಸೋಮಾರಿತನ ಎಂದು ಗದರಿಸದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ನೋವನ್ನು ಮಾತಿನಲ್ಲಿ ಹೇಳಲಾಗದವರು ಅದನ್ನು ನಡವಳಿಕೆಯಲ್ಲಿ ಹೇಳುತ್ತಾರೆ. ಇದ್ದಕ್ಕಿದ್ದಂತೆ ಹೊಡೆಯಲು, ತಟ್ಟೆ ಎಸೆಯಲು ಶುರುಮಾಡಿದ ಒಬ್ಬ ಯುವಕನನ್ನು ಮನೆಯವರು ನಿದ್ದೆಯ ಮಾತ್ರೆ ಕೊಡಿ ಎಂದು ಕರೆತಂದಿದ್ದರು. ಬಾಯಿ ತೆರೆಸಿ ನೋಡಿದರೆ ದವಡೆಯ ಹಲ್ಲು ಕೀವುಗಟ್ಟಿತ್ತು. ಹಲ್ಲು ತೆಗೆಸಿದ ಮೇಲೆ ಹೊಡೆಯುವುದೂ ನಿಂತಿತು.

ಬೆಟಗೇರಿಯವ

ಡಾಕ್ಟರ್ ಮೇಡಂ, ಸೋದರಮಾವನನ್ನು ಮದುವೆಯಾದದ್ದಕ್ಕೆ ಇಂಥ ಮಕ್ಕಳು ಹುಟ್ಟುತ್ತಾರೆ ಎನ್ನುತ್ತಾರಲ್ಲ, ಅದು ನಿಜವೇ?

ಹುಬ್ಬಳ್ಳಿಯ ವೈದ್ಯೆ

ಡೌನ್ ಸಿಂಡ್ರೋಮಿಗೆ ಕಾರಣ 21ನೆಯ ವರ್ಣತಂತುವಿನ ಒಂದು ಹೆಚ್ಚುವರಿ ಪ್ರತಿ. ಅದಕ್ಕೂ ರಕ್ತಸಂಬಂಧದ ಮದುವೆಗೂ ಸಂಬಂಧವಿಲ್ಲ. ಬೇರೆ ಕೆಲವು ಆನುವಂಶಿಕ ಕಾಯಿಲೆಗಳ ಸಂಭವ ಅಂಥ ಮದುವೆಗಳಲ್ಲಿ ಹೆಚ್ಚುತ್ತದೆ ಎಂಬುದು ನಿಜ. ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ಉಸಿರು ಕಟ್ಟುವುದು, ನವಜಾತ ಶಿಶುವಿನ ಥೈರಾಯ್ಡ್ ಕೊರತೆಯನ್ನು ಗುರುತಿಸದೆ ಬಿಡುವುದು ಕೂಡ ಬೌದ್ಧಿಕ ಅಂಗವೈಕಲ್ಯಕ್ಕೆ ಕಾರಣವಾಗುತ್ತವೆ. ಯಾವ ಕಾರಣವಿದ್ದರೂ ತಾಯಿಯನ್ನು ದೂರುವುದು ತಪ್ಪು.

ನಗರ ಪುನರ್ವಸತಿ ಕಾರ್ಯಕರ್ತ

ಎಲ್ಲರೂ ಕುಟುಂಬದ ಹೊಣೆಯ ಬಗ್ಗೆಯೇ ಬರೆಯುತ್ತಿದ್ದೀರಿ. ಸ್ಥಳೀಯ ಆಡಳಿತದ ಹೊಣೆಯನ್ನೂ ಕೇಳಬೇಕು. ಮಹಾನಗರ ಪಾಲಿಕೆಯಿಂದ ಗ್ರಾಮ ಪಂಚಾಯಿತಿಯವರೆಗೆ ವಿಕಲಚೇತನರ ಕಲ್ಯಾಣಕ್ಕೆಂದು ಶೇಕಡಾ 5ರಷ್ಟು ಅನುದಾನ ಮೀಸಲಿಡುವ ನಿಯಮವಿದೆ. ನಾನು ನೋಡಿದಂತೆ ಆ ಹಣದ ಬಹುಪಾಲು ತ್ರಿಚಕ್ರ ವಾಹನ, ಹೊಲಿಗೆ ಯಂತ್ರ, ಗಾಲಿಕುರ್ಚಿಗಳಿಗೆ ಹೋಗುತ್ತದೆ. ಅವು ಬೇಕಾದವರಿಗೆ ಸಿಗಲೇಬೇಕು. ಆದರೆ ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಬೇಕಾದದ್ದು ಯಂತ್ರವಲ್ಲ, ಜೊತೆಗೆ ಮನುಷ್ಯರು: ಹಗಲು ಹೊತ್ತು ಹೋಗಿ ಕೂರಲು, ಕೆಲಸ ಕಲಿಯಲು ಒಂದು ಜಾಗ, ಅಲ್ಲಿ ತರಬೇತಾದ ಇಬ್ಬರು. ವಾರ್ಡಿನಲ್ಲಿ ಖಾಲಿ ಬಿದ್ದ ಒಂದು ಸಮುದಾಯ ಭವನ ಸಾಕು. ಸಭೆಗಳಲ್ಲಿ ಇದನ್ನು ಕೇಳುವವರಿಲ್ಲ, ಏಕೆಂದರೆ ಇವರು ಬಂದು ಗಟ್ಟಿಯಾಗಿ ಕೇಳಲಾರರು, ಇವರ ತಾಯಂದಿರಿಗೆ ಮನೆ ಬಿಟ್ಟು ಬರಲು ಆಗದು.

ಅಕ್ಕಾವರೇ, ಯು.ಡಿ.ಐ.ಡಿ. ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಆಗಿದೆಯೇ ನೋಡಿಕೊಳ್ಳಿರಿ; ಹಳೆಯ ಕಾಗದದ ಪ್ರಮಾಣಪತ್ರ ಒಂದನ್ನೇ ನಂಬಿ ಕೂರಬೇಡಿರಿ. ಬುದ್ಧಿಮಟ್ಟದ ಪರೀಕ್ಷೆ ಮತ್ತೆ ಬೇಕೆಂದು ಕೇಳಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವಿಜ್ಞಾನಿಗಳು ಇದ್ದಾರೆ. ರಾಷ್ಟ್ರೀಯ ನ್ಯಾಸದ ನಿರಾಮಯ ಎಂಬ ಆರೋಗ್ಯ ವಿಮೆಯನ್ನೂ ಮಾಡಿಸಿರಿ. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ರಕ್ಷಣೆ ಇದೆ, ಮೊದಲೇ ಇದ್ದ ಕಾಯಿಲೆ ಎಂದು ತಳ್ಳಿಹಾಕುವುದಿಲ್ಲ, ಸೇರುವ ಮೊದಲು ವೈದ್ಯಕೀಯ ತಪಾಸಣೆಯೂ ಇಲ್ಲ. ಪ್ರತಿ ವರ್ಷ ನವೀಕರಿಸುವುದನ್ನು ಮಾತ್ರ ಮರೆಯಬಾರದು.

ರಾಣೇಬೆನ್ನೂರಿನ ಅಣ್ಣ

ಈ ಚರ್ಚೆಯನ್ನು ಓದುತ್ತ ನನಗೆ ನೋವಾಯಿತು. ವಸತಿ ಕೇಂದ್ರಕ್ಕೆ ಸೇರಿಸಿದವರೆಲ್ಲ ಕೈತೊಳೆದುಕೊಂಡವರು ಎಂಬ ಧ್ವನಿ ಕೆಲವರ ಬರಹದಲ್ಲಿದೆ. ನನ್ನ ತಮ್ಮನಿಗೆ ಮಾತಿಲ್ಲ, ಮೂರ್ಛೆ ಬರುತ್ತದೆ, ಎತ್ತಿ ಕೂರಿಸಲು ಇಬ್ಬರು ಬೇಕು. ಅವನನ್ನು ಎತ್ತಿ ಎತ್ತಿ ನಮ್ಮ ತಾಯಿಯ ಬೆನ್ನೆಲುಬು ಹೋಯಿತು. ಅವನು ಈಗ ಇರುವ ಕಡೆ ರಾತ್ರಿಯೂ ಎಚ್ಚರವಿರುವ ದಾದಿ ಇದ್ದಾರೆ, ಮೂರ್ಛೆಯ ಔಷಧಿ ಹೊತ್ತಿಗೆ ಸರಿಯಾಗಿ ಬೀಳುತ್ತದೆ, ಹಬ್ಬಕ್ಕೆ ಮನೆಗೆ ಬರುತ್ತಾನೆ. ಶಿಕ್ಷಕಿಯವರು ಹೇಳಿದ 5ನೆಯ ಕಲಮಿನಲ್ಲಿಯೇ ವಸತಿ ಸೇವೆಗಳೂ ಸಿಗುವಂತಿರಬೇಕು ಎಂದು ಬರೆದಿದೆ, ಅದನ್ನೂ ಹೇಳಬೇಕಾಗಿತ್ತು.

ಸೇರಿಸುವವರು ನೋಡಬೇಕಾದದ್ದು ಇಷ್ಟು. 2016ರ ಕಾಯ್ದೆಯಡಿ ನೋಂದಣಿ ಆಗಿದೆಯೇ, ಮೊದಲೇ ತಿಳಿಸದೆ ಹೋದರೆ ಒಳಗೆ ಬಿಡುತ್ತಾರೆಯೇ, ಮಲಗುವ ಕೋಣೆಯವರೆಗೆ ಹೋಗಿ ನೋಡಲು ಅವಕಾಶ ಕೊಡುತ್ತಾರೆಯೇ. ಹೊರಗಿನ ಸ್ವಾಗತ ಕೋಣೆಯಲ್ಲೇ ಕೂರಿಸಿ ಮಾತಾಡಿ ಕಳಿಸುವ ಕಡೆ ಸೇರಿಸಬೇಡಿರಿ.

ವಿಶೇಷ ಶಿಕ್ಷಕಿ, ಗದಗ

ಅಣ್ಣಾವರೇ, ನಿಮ್ಮ ಮಾತು ನ್ಯಾಯವಾದದ್ದು. ಹೆಚ್ಚಿನ ಆಸರೆ ಬೇಕಾದವರಿಗೆ ಅಂಥ ಸೇವೆ ಅಗತ್ಯ, ಮತ್ತು ಅದು ನಮ್ಮ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಹತ್ತಿರದಲ್ಲೇ ಸಿಗುವಂತಾಗಬೇಕು. ನನ್ನ ವಿರೋಧ ಇರುವುದು ಗಿರಣಿಗೆ ಹೋಗಿಬರಬಲ್ಲವನನ್ನೂ ಅದೇ ದಾರಿಗೆ ಹಚ್ಚುವುದಕ್ಕೆ ಮಾತ್ರ.

ಮಾಳಮಡ್ಡಿಯ ನೆರೆಯವ

ನವನಗರದ ಅಣ್ಣಾವರು ಕೇಳಿದ ರಾತ್ರಿಯ ಪ್ರಶ್ನೆಗೆ ನಮ್ಮ ಓಣಿ ಕಂಡುಕೊಂಡ ದಾರಿಯನ್ನು ಹೇಳುತ್ತೇನೆ. ನಮ್ಮಲ್ಲಿ ಒಬ್ಬ ವಿಧವೆ ತಾಯಿಯೂ ಅವರ ನಲವತ್ತರ ಮಗನೂ ಇದ್ದಾರೆ. ಎಲ್ಲರೂ ನೋಡಿಕೊಳ್ಳುತ್ತೇವೆ ಎಂದು ಮೊದಲು ಆಡಿಕೊಂಡಿದ್ದೆವು, ಅದು ಎರಡು ವಾರವೂ ನಡೆಯಲಿಲ್ಲ. ಆಮೇಲೆ ಹೊತ್ತು, ಮನೆ, ಕೆಲಸ ಎಲ್ಲವನ್ನೂ ಗೊತ್ತು ಮಾಡಿದೆವು. ಬೆಳಗಿನ ನಾಷ್ಟಾದ ಹೊತ್ತಿಗೆ ಎದುರು ಮನೆಯವರು ಹೋಗಿ ಬಾಗಿಲು ತಟ್ಟಬೇಕು. ಸಂಜೆ ಕಟ್ಟೆಯ ಮೇಲೆ ಅವನು ಕಾಣದಿದ್ದರೆ ಕಿರಾಣಿ ಅಂಗಡಿಯವರು ಫೋನ್ ಮಾಡಬೇಕು. ತಾಯಿ ಆಸ್ಪತ್ರೆಗೆ ಹೋದರೆ ಅವನು ನಮ್ಮ ಮನೆಯಲ್ಲಿ ಮಲಗಬೇಕು. ತಾಯಿ ಚೆನ್ನಾಗಿರುವಾಗಲೂ ತಿಂಗಳಿಗೊಂದು ರಾತ್ರಿ ಅವನು ನಮ್ಮಲ್ಲಿ ಮಲಗುತ್ತಾನೆ, ಏಕೆಂದರೆ ಹೊಸ ಹಾಸಿಗೆಯೂ ತಾಯಿಯಿಲ್ಲದ ಗಾಬರಿಯೂ ಒಂದೇ ರಾತ್ರಿ ಅವನ ಮೇಲೆ ಬೀಳಬಾರದು. ಅವನು ತಿನ್ನುವ ಮಾತ್ರೆ, ಹೆದರುವ ಶಬ್ದ, ಸಿಟ್ಟು ಬಂದಾಗ ಶಾಂತವಾಗುವ ರೀತಿ ಎಲ್ಲವೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ದೇವರ ಗೂಡಿನ ಕೆಳಗೆ ಇಟ್ಟಿದ್ದೇವೆ. ಬಾಡಿಗೆಗೆ ಬಂದ ಹೊಸಬರಿಗೆ ಅವನನ್ನು ಹೆಸರು ಹೇಳಿ ಪರಿಚಯ ಮಾಡಿಸುವುದು ಹಿರಿಯರೊಬ್ಬರ ಕೆಲಸ. ಮನೆ ಮಾರಿ ಹೋದವರೂ ಇದ್ದಾರೆ; ಹೋದವರ ಜಾಗಕ್ಕೆ ಇನ್ನೊಂದು ಮನೆಯನ್ನು ಆ ತಿಂಗಳಲ್ಲೇ ಗೊತ್ತು ಮಾಡುತ್ತೇವೆ.

ಹಾದುಹೋಗುವ ಹುಡುಗರು ಅವನನ್ನು ಅಣಕಿಸಿದ್ದೂ ಉಂಟು. ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ 2016ರ ಕಾಯ್ದೆಯ 92ನೆಯ ಕಲಮಿನಡಿ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ ಎಂದು ಅವರ ಮನೆಗೆ ಹೋಗಿ ತಿಳಿಸಿದೆವು. ಠಾಣೆಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ನವನಗರದ ಓದುಗ

ಹೀಗೆ ಹೆಸರು ಹಿಡಿದು ಹೊಣೆ ಹಂಚಿದರೆ ನನ್ನ ತಕರಾರಿನ ಅರ್ಧ ಕಡಿಮೆಯಾಗುತ್ತದೆ. ಉಳಿದ ಅರ್ಧ ಮುಂದಿನ ಮೂವತ್ತು ವರ್ಷದ್ದು. ಹಿರಿಯರು ಹೋದ ಮೇಲೆ ಎಳೆಯರು ಇದನ್ನು ಮೈಮೇಲೆ ಹಾಕಿಕೊಳ್ಳುತ್ತಾರೆಯೇ?

ಮಾಳಮಡ್ಡಿಯ ನೆರೆಯವ

ಅದಕ್ಕೇ ಪುನರ್ವಸತಿ ಕಾರ್ಯಕರ್ತರು ಹೇಳಿದ ಹಗಲು ಕೇಂದ್ರವೂ ಬೇಕು, ವಕೀಲರು ಹೇಳಿದ ಪಾಲಕರೂ ಬೇಕು. ಓಣಿಯೊಂದೇ ಇಡೀ ಭಾರ ಹೊರಲಾರದು.

ಹಳೇಹುಬ್ಬಳ್ಳಿಯ ಅಕ್ಕ

ಎಲ್ಲರ ಮಾತನ್ನೂ ಅವ್ವನಿಗೆ ಓದಿ ಹೇಳಿದೆ, ಪುಣೆಗೂ ಕಳಿಸಿದೆ. ಶಿಕ್ಷಕಿಯವರು ಕೇಳಿದ್ದರಿಂದ ತಮ್ಮನನ್ನೂ ಕೂರಿಸಿಕೊಂಡು ಕೇಳಿದೆವು. ಹೋಗುವುದಿಲ್ಲ ಎಂದ, ಅವ್ವ ದವಾಖಾನೆಗೆ ಹೋದರೆ ಎಲ್ಲಿರುತ್ತೀ ಎಂದರೆ ಗಿರಣಿಯವರ ಮನೆ ತೋರಿಸಿದ. ಅವರನ್ನು ಕೇಳಿದಾಗ, ರಾತ್ರಿ ಮಲಗಿಸಿಕೊಳ್ಳುತ್ತೇವೆ, ಆದರೆ ಸ್ನಾನ ಮಾಡಿಸುವುದು ನಮ್ಮಿಂದಾಗದು ಎಂದು ನೇರವಾಗಿ ಹೇಳಿದರು. ಅವನಿಗೆ ಸ್ನಾನ ತಾನೇ ಮಾಡಿಕೊಳ್ಳುವುದನ್ನು ಪೂರ್ತಿ ಕಲಿಸಬೇಕಾಗಿದೆ. ಪಿಂಚಣಿಯ ಅರ್ಜಿಯನ್ನೂ ಪಾಲಕತ್ವದ ಅರ್ಜಿಯನ್ನೂ ಈ ತಿಂಗಳೇ ಕೊಡುತ್ತೇವೆ. ಪಾಲಕಳಾಗಿ ನನ್ನ ಹೆಸರನ್ನೇ ಕೊಡಲು ಅಣ್ಣ ಒಪ್ಪಿದ್ದಾನೆ, ಆದರೆ ವಸತಿ ಕೇಂದ್ರದ ಮಾತನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ.

ವಿಶೇಷ ಶಿಕ್ಷಕಿ, ಗದಗ

ಸ್ನಾನಕ್ಕೆ ಹೀಗೆ ಮಾಡಿರಿ. ನೀರು ಹಾಕಿಕೊಳ್ಳುವುದು, ಸೋಪು ಹಚ್ಚುವುದು, ತೊಳೆಯುವುದು, ಒರೆಸಿಕೊಳ್ಳುವುದು ಎಂದು ಬಿಡಿಸಿ, ಕೊನೆಯದನ್ನು ಮೊದಲು ಅವನಿಗೆ ಬಿಡಿರಿ. ಒರೆಸಿಕೊಳ್ಳುವುದು ಪೂರ್ತಿ ಬಂದ ಮೇಲೆ ತೊಳೆಯುವುದು, ಹಾಗೆಯೇ ಹಿಂದಕ್ಕೆ ಬನ್ನಿರಿ. ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ ಆಗಿರುತ್ತಾನೆ. ಹಂತಗಳ ಚಿತ್ರವನ್ನು ಬಚ್ಚಲ ಗೋಡೆಗೆ ಅಂಟಿಸಿರಿ, ಬಿಸಿನೀರನ್ನು ಮಾತ್ರ ಮೊದಲೇ ಹದ ಮಾಡಿಟ್ಟಿರಬೇಕು.

ಧಾರವಾಡದ ವಕೀಲ

ಪಾಲಕತ್ವದ ಅರ್ಜಿಯ ಜೊತೆಗೆ ನಿಮ್ಮ ಒಪ್ಪಿಗೆ ಪತ್ರ, ಅವನ ಯು.ಡಿ.ಐ.ಡಿ. ಮತ್ತು ವಯಸ್ಸಿನ ದಾಖಲೆ ಇರಲಿ. ಅಣ್ಣನ ಆಕ್ಷೇಪಣೆ ಇಲ್ಲ ಎಂಬ ಪತ್ರವನ್ನೂ ಈಗಲೇ ಬರೆಸಿಕೊಳ್ಳಿರಿ. ಸಮಿತಿ ದಿನವೂ ಸೇರುವುದಿಲ್ಲವಾದ್ದರಿಂದ ಮುಂದಿನ ಸಭೆ ಯಾವಾಗ ಎಂದು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ, ಅದಕ್ಕಿಂತ ಮೊದಲೇ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿರಿ.